ನಗರದ ಮನೆಗಳಿಗೆ ಊಟ ಎಟುಕುತ್ತದಾ? ಸಿಮ್ಯುಲೇಷನ್ ಮಾದರಿ ಕಟ್ಟುವವರಿಗೆ ಹಂತ ಹಂತದ ಮಾರ್ಗದರ್ಶಿ

ನಗರದ ಯಾವ ಮನೆಗೆ ಊಟ ಸಲೀಸಾಗಿ ಸಿಗುತ್ತದೆ, ಯಾವ ಮನೆಗೆ ಸಿಗುವುದಿಲ್ಲ ಅಂತ ಕಂಪ್ಯೂಟರಿನಲ್ಲಿ ನಕಲು ಊರು ಕಟ್ಟಿ, ಅಂದರೆ ಸಿಮ್ಯುಲೇಷನ್‌ನಲ್ಲಿ ನೋಡಲು ಹೊರಟವರು ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮ್ಯಾಪ್ ತರುತ್ತಾರೆ. ಅಂಗಡಿಗಳಿಗೆ ಚುಕ್ಕೆ ಇಡುತ್ತಾರೆ. ಮನೆಗಳನ್ನು ಚೆಲ್ಲುತ್ತಾರೆ. ಪ್ರತಿ ಮನೆಯನ್ನೂ ಹತ್ತಿರದ ಅಂಗಡಿಗೆ ಕಳಿಸುತ್ತಾರೆ. ಓಡಿಸಿ ನೋಡಿದರೆ ಬೆಂಗಳೂರಿನಲ್ಲಿ ಯಾರಿಗೂ ಹಸಿವೇ ಇಲ್ಲ!

ನಾನೂ ಮೊದಲ ಸಲ ಇದನ್ನೇ ಮಾಡಿದ್ದೆ. ದೂರವನ್ನೇ ಮುಖ್ಯ ಮಾಡುವ ಮಾದರಿಗಳು ಇಂಗ್ಲೆಂಡ್, ಅಮೆರಿಕದ ಊರುಗಳಿಗೆ ಹುಟ್ಟಿಕೊಂಡವು. ಅಲ್ಲಿ ಕಾರಿಲ್ಲದ ಮನೆಗೆ ತರಕಾರಿ ಅಂಗಡಿಯೇ ದೂರ. ನಮ್ಮಲ್ಲಿ ಗಲ್ಲಿಗೊಂದು ಅಂಗಡಿ ಇದೆ, ಮನೆ ಬಾಗಿಲಿಗೇ ತಳ್ಳುಗಾಡಿ ಬರುತ್ತದೆ. ಇಲ್ಲಿ ಕಾಡುವುದು ಕೈಯಲ್ಲಿನ ದುಡ್ಡು, ಅದು ಬರುವ ದಿನ, ರೇಷನ್ ಕಾರ್ಡು, ಸಾಲ ಕೊಡುವ ಅಂಗಡಿಯವ, ಅಡುಗೆಗೆ ಉಳಿಯುವ ಸಮಯ. ಅದಕ್ಕೇ ಮನೆಯ ಲೆಕ್ಕದ ಪುಸ್ತಕದಿಂದ ಶುರು ಮಾಡಿ. ಮ್ಯಾಪ್ ಆಮೇಲೆ ಬರಲಿ.

ಇಲ್ಲಿ ಹೇಳುವುದು ಏಜೆಂಟ್ ಆಧಾರಿತ ಮಾದರಿಯ ಬಗ್ಗೆ. ಅಂದರೆ ಪ್ರತಿ ಮನೆಯೂ ಒಂದು ಏಜೆಂಟ್. ಅದಕ್ಕೆ ತನ್ನದೇ ದುಡ್ಡು, ತನ್ನದೇ ನಿರ್ಧಾರ.

## ಕೈಯಲ್ಲಿ ಇರಬೇಕಾದ ಸಾಮಾನು

ಮಾದರಿ ಓಡಿಸಲು ಒಂದು ತಂತ್ರಾಂಶ ಬೇಕು. ಕೋಡಿಂಗ್ ಅಷ್ಟಾಗಿ ಬರದಿದ್ದರೆ ನೆಟ್‌ಲೋಗೋ ಸಾಕು. ಉಚಿತ, ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಪೈಥಾನ್ ಬರುವವರಿಗೆ ಮೆಸಾ. ದಾರಿ, ಗಡಿಗಳಿಗೆ ಮ್ಯಾಪ್ ತಂತ್ರಾಂಶ ಕ್ಯೂಜಿಐಎಸ್ ಮತ್ತು ಜನರೇ ಕೂಡಿ ಬರೆದ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್.

ಅಂಕಿಗಳಿಗೆ ಮೂರು ಮೂಲ ಸಾಕು. ಒಂದು, 2011ರ ಜನಗಣತಿ. ಎರಡು, 2022-23 ಮತ್ತು 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ. ಇದರಲ್ಲಿ ಒಂದೊಂದು ಮನೆಯ ಖರ್ಚಿನ ವಿವರವೂ ಸಿಗುತ್ತದೆ. ಮೂರು, ಆಹಾರ ಇಲಾಖೆಯ ಜಾಲತಾಣದಲ್ಲಿರುವ ನ್ಯಾಯಬೆಲೆ ಅಂಗಡಿಗಳ ಪಟ್ಟಿ.

ಇದರ ಜೊತೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಯಾವ ಅಂಕಿ ಎಲ್ಲಿಂದ ಬಂತು, ಯಾವುದನ್ನು ಸುಮ್ನೆ ಊಹಿಸಿದಿರಿ ಅಂತ ಅದೇ ದಿನ ಬರೆಯದಿದ್ದರೆ ಎರಡು ತಿಂಗಳ ಮೇಲೆ ನಿಮಗೇ ನೆನಪಿರುವುದಿಲ್ಲ.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಬೆಂಗಳೂರಿನ ಆಹಾರ ಅಸಮಾನತೆ" ಅನ್ನುವುದು ಪ್ರಶ್ನೆಯೇ ಅಲ್ಲ, ಅದು ತಲೆಬರಹ. ಯಾವ ಮನೆ, ಯಾವ ಊಟ, ಎಷ್ಟು ಅವಧಿ, ಏನು ಬದಲಾದರೆ ಏನಾಗುತ್ತದೆ, ಇಷ್ಟೂ ವಾಕ್ಯದಲ್ಲಿ ಇರಬೇಕು.

ಈ ಮಾರ್ಗದರ್ಶಿ ಉದ್ದಕ್ಕೂ ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು 2023ರ ಜುಲೈನಿಂದ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಮನೆ ಯಜಮಾನಿ ಅಥವಾ ಯಜಮಾನರ ಖಾತೆಗೆ ಬರುತ್ತಿತ್ತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಟ್ಟರು. ಹಾಗಾದರೆ ನಮ್ಮ ಪ್ರಶ್ನೆ: "ವಾರದ ಬಟವಾಡೆ ಮೇಲೆ ಬದುಕುವ ಮನೆಗಳಲ್ಲಿ ಊಟ ಕೆಡುವ ದಿನಗಳು ಅಕ್ಕಿ ಕೊಟ್ಟಾಗ ಕಡಿಮೆಯೋ, ದುಡ್ಡು ಕೊಟ್ಟಾಗ ಕಡಿಮೆಯೋ?" ಊಟ ಕೆಡುವುದು ಅಂದರೆ ಇಲ್ಲಿ ಹಳಸುವುದಲ್ಲ, ಹೊಟ್ಟೆ ತುಂಬದಿರುವುದು ಅಥವಾ ಅನ್ನದ ಜೊತೆ ಏನೂ ಇಲ್ಲದಿರುವುದು.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ "ಮತ್ತು" ಎರಡು ಸಲ ಬಂದಿದ್ದರೆ ಅದು ಎರಡು ಮಾದರಿಯ ಕೆಲಸ.

## ಹಂತ 2: "ಊಟ ಕೆಡುವುದು" ಅಂದರೇನು ಅಂತ ಮೊದಲೇ ತೀರ್ಮಾನಿಸಿ

ಕೋಡ್ ಬರೆದ ಮೇಲೆ ಅಳತೆ ಹುಡುಕಬೇಡಿ. ಹಾಗೆ ಮಾಡಿದರೆ ಫಲಿತಾಂಶಕ್ಕೆ ಒಪ್ಪುವ ಅಳತೆಯೇ ಕಣ್ಣಿಗೆ ಬೀಳುತ್ತದೆ.

ಬರೀ ಕ್ಯಾಲೊರಿ ಅಳೆದರೆ ನಮ್ಮ ನಗರಗಳ ಬಗ್ಗೆ ಜಾಸ್ತಿ ಏನೂ ತಿಳಿಯುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ರೇಷನ್ ಅಕ್ಕಿ ಮನೆಯಲ್ಲಿದ್ದರೆ ಆ ಮನೆ ಕ್ಯಾಲೊರಿ ಲೆಕ್ಕದಲ್ಲಿ ಪಾಸು. ಆದರೆ ಅನ್ನದ ಜೊತೆ ಬೇಳೆ ಇಲ್ಲ, ತರಕಾರಿ ಇಲ್ಲ, ಮಗುವಿಗೆ ಮೊಟ್ಟೆ ಇಲ್ಲ. ಅದಕ್ಕೇ ಎರಡು ಅಳತೆ ಒಟ್ಟಿಗೆ ಇಡಿ: ದಿನಕ್ಕೆ ತಲೆಗೆ ಕ್ಯಾಲೊರಿ ಒಂದು, ಮನೆಯ ಆಹಾರ ವೈವಿಧ್ಯದ ಅಂಕ ಇನ್ನೊಂದು. ಈ ಎರಡನೆಯದು ಕಳೆದ 24 ಗಂಟೆಯಲ್ಲಿ 12 ಆಹಾರ ಗುಂಪುಗಳಲ್ಲಿ ಮನೆಯವರು ಎಷ್ಟನ್ನು ತಿಂದರು ಅಂತ ಎಣಿಸುತ್ತದೆ. ಮಾದರಿಯಲ್ಲಿ ಎಣಿಸುವುದೂ ಸುಲಭ.

ನೆಲದ ಮೇಲೆ ಸಮೀಕ್ಷೆಯೂ ಮಾಡುವವರಿದ್ದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಎಂಟು ಪ್ರಶ್ನೆಗಳ ಪಟ್ಟಿ ಬಳಸಬಹುದು. ಆದರೆ ಅದು ಜನರ ಅನುಭವ ಕೇಳುತ್ತದೆ. ಮಾದರಿಯ ಏಜೆಂಟ್‌ಗೆ "ಊಟ ಸಾಲದೇ ಹೋಗುತ್ತೇನೋ ಅಂತ ಚಿಂತೆ ಆಯ್ತಾ?" ಅಂತ ಕೇಳಲು ಆಗುವುದಿಲ್ಲ, ಅಲ್ವಾ? ಅದನ್ನು ಕೊನೆಯಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ.

## ಹಂತ 3: ಮನೆಗಳನ್ನು ಕಟ್ಟುವುದು

ವಾರ್ಡಿನ ಪ್ರತಿ ಮನೆಯ ವಿವರ ಯಾರ ಹತ್ತಿರವೂ ಇಲ್ಲ. ಹಾಗಾಗಿ ಕೃತಕ ಮನೆಗಳನ್ನು ಸೃಷ್ಟಿಸಬೇಕು. ಸಮೀಕ್ಷೆಯಲ್ಲಿರುವ ನಿಜವಾದ ಮನೆಗಳನ್ನು ಅಚ್ಚಿನಂತೆ ಇಟ್ಟುಕೊಂಡು, ವಾರ್ಡಿನ ಒಟ್ಟು ಲೆಕ್ಕಕ್ಕೆ ಹೊಂದುವವರೆಗೆ ಅವುಗಳ ತೂಕ, ಅಂದರೆ ಒಂದೊಂದು ಅಚ್ಚಿನಿಂದ ಎಷ್ಟು ಮನೆ ಅನ್ನುವ ಲೆಕ್ಕ, ಬದಲಿಸುತ್ತಾ ಹೋಗುತ್ತೀರಿ. ವಾರ್ಡಿನ ಕೋಷ್ಟಕದಲ್ಲಿ ಒಮ್ಮೆ ಸಾಲಿನ ಮೊತ್ತ ಸರಿ ಮಾಡಿ, ಒಮ್ಮೆ ಕಂಬದ ಮೊತ್ತ ಸರಿ ಮಾಡಿ, ಎರಡೂ ನಿಲ್ಲುವ ತನಕ.

ಈ ಹಂತದಲ್ಲಿ ಮೂರು ಹಳ್ಳ ಇವೆ.

ಮೊದಲನೆಯದು ವಾರ್ಡಿನ ಗಡಿ. 2011ರ ಜನಗಣತಿ ನಡೆದಾಗ ಬೆಂಗಳೂರಿನಲ್ಲಿ 198 ವಾರ್ಡು. 2022ರಲ್ಲಿ 243 ಅಂದರು, 2023ರಲ್ಲಿ 225 ಅಂದರು, 2025ರಲ್ಲಿ ಪಾಲಿಕೆಯೇ ಐದಾಯಿತು. ವಾರ್ಡಿನ ಹೆಸರು ಒಂದೇ ಇದೆ ಅಂತ ಎರಡು ಫೈಲ್ ಜೋಡಿಸಿದರೆ ಕಥೆ ಮುಗಿಯಿತು. 198ರ ಗಡಿಯಲ್ಲೇ ಮಾದರಿ ಕಟ್ಟಿ. ಹೊಸ ಗಡಿ ಬೇಕಾದರೆ ಫಲಿತಾಂಶ ತೋರಿಸುವಾಗ ಹೊದಿಸಿ.

ಎರಡನೆಯದು ಸೊನ್ನೆಯ ತೊಂದರೆ. ಅಚ್ಚಿನಲ್ಲೇ ಇಲ್ಲದ ಮನೆ ಎಷ್ಟು ತೂಕ ಹಾಕಿದರೂ ಹುಟ್ಟುವುದಿಲ್ಲ. ಕಟ್ಟಡದ ಪಕ್ಕ ತಗಡಿನ ಶೆಡ್‌ನಲ್ಲಿ ಇರುವವರು, ಆರು ಜನ ಸೇರಿ ಒಂದು ರೂಮು ಮಾಡಿಕೊಂಡ ಹುಡುಗರು, ಇಂಥವರು ನಿಮ್ಮ ಅಚ್ಚಿನಲ್ಲಿ ಇಲ್ಲದೇ ಹೋಗಬಹುದು. ನೀವು ಹುಡುಕುತ್ತಿರುವ ಹಸಿವು ಬಹುಪಾಲು ಅಲ್ಲೇ ಇರುತ್ತದೆ. ಒಂದೆರಡು ಶೆಡ್‌ಗಳಿಗೆ ಹೋಗಿ, ಮಾತಾಡಿಸಿ, ಆ ಬಗೆಯ ಮನೆಯನ್ನು ಕೈಯಾರೆ ಸೇರಿಸಿ. ಕೈಯಾರೆ ಸೇರಿಸಿದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮೂರನೆಯದು ಕಾರ್ಡು. ಆದಾಯ ಕಡಿಮೆ ಇದ್ದ ಮನೆಗೆಲ್ಲ ಕಾರ್ಡ್ ಹಂಚಿಬಿಡುವುದು ತುಂಬಾ ಜನ ಮಾಡುವ ತಪ್ಪು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆ.ಜಿ., ಆದ್ಯತಾ ಕಾರ್ಡಿಗೆ ತಲೆಗೆ 5 ಕೆ.ಜಿ. ಧಾನ್ಯ. ಬೇರೆ ರಾಜ್ಯದಿಂದ ಬಂದವರು ಒಂದು ದೇಶ ಒಂದು ಕಾರ್ಡ್ ಯೋಜನೆಯಲ್ಲಿ ಇಲ್ಲೂ ಎತ್ತಬಹುದು, ಆದರೆ ಅವರಿಗೆ ಕಾಯ್ದೆಯ ಪಾಲು ಮಾತ್ರ. ಹಾಗಾಗಿ ಆದಾಯ ಒಂದು ಗುಣ, ಕಾರ್ಡು ಇನ್ನೊಂದು ಗುಣ, ಕಾರ್ಡ್ ಯಾವ ಊರಿನದು ಅನ್ನುವುದು ಮೂರನೆಯದು. ಮೂರನ್ನೂ ಬೇರೆ ಬೇರೆ ಇಡಿ.

## ಹಂತ 4: ಊರು, ಅಂಗಡಿ, ದಾರಿ

ಈ ಹಂತಕ್ಕೆ ಜನ ಬೇಕಾದ್ದಕ್ಕಿಂತ ಜಾಸ್ತಿ ಸಮಯ ಕೊಡುತ್ತಾರೆ. ಇಷ್ಟು ನೋಡಿಕೊಂಡರೆ ಸಾಕು.

ನೇರ ಗೆರೆಯ ದೂರ ಬೇಡ, ನಡೆಯುವ ದಾರಿಯ ಸಮಯ ಬೇಕು. ಮಧ್ಯೆ ಒಂದು ರಾಜಕಾಲುವೆ ಇದ್ದರೆ ಎದುರಿಗೇ ಕಾಣುವ ಅಂಗಡಿಗೆ ಹದಿನೈದು ನಿಮಿಷ ಸುತ್ತಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೂಪರ್ ಮಾರ್ಕೆಟ್ ಇರುತ್ತದೆ, ಗೂಡಂಗಡಿ ಇರುವುದು ಅಪರೂಪ, ತಳ್ಳುಗಾಡಿ ಇರುವುದೇ ಇಲ್ಲ. ಒಂದು ಬಡಾವಣೆಯನ್ನು ಬೆಳಿಗ್ಗೆ 7ಕ್ಕೆ ಒಂದು ಸಲ, ಸಂಜೆ 7ಕ್ಕೆ ಒಂದು ಸಲ ನಡೆದು ಎಣಿಸಿ. ಎರಡು ಎಣಿಕೆ ಬೇರೆ ಬರುತ್ತದೆ.

ಪ್ರತಿ ಅಂಗಡಿಗೂ ಬೆಲೆ ಮಾತ್ರವಲ್ಲ, ತೆರೆದಿರುವ ಗಂಟೆ, ಬಿಡಿಯಾಗಿ ಮಾರುತ್ತದಾ, ಸಾಲ ಬರೆದುಕೊಳ್ಳುತ್ತದಾ ಅನ್ನುವ ಮೂರು ಗುಣ ಕೊಡಿ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ಗಳನ್ನೂ ಸೇರಿಸಿ. ಅಲ್ಲಿ ಅಡುಗೆಯ ಸಮಯವೂ ಉಳಿಯುತ್ತದೆ.

## ಹಂತ 5: ಒಂದು ದಿನದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ಮಾದರಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಒಂದು ಟಿಕ್ (ಮಾದರಿಯ ಗಡಿಯಾರದ ಒಂದು ಹೆಜ್ಜೆ) ಅಂದರೆ ಒಂದು ದಿನ ಅಂತ ಇಡಿ. ತಿಂಗಳು ಅಂತ ಇಡಲೇಬೇಡಿ, ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಪ್ರತಿ ಮನೆಗೂ ದಿನದ ಕ್ರಮ ಹೀಗಿರಲಿ:

1. ಇವತ್ತು ಕೆಲಸ ಸಿಕ್ಕಿತಾ? ಮಳೆ, ಹಬ್ಬ, ಜ್ವರ ನೋಡಿ ತೀರ್ಮಾನಿಸಿ.
2. ಇವತ್ತು ದುಡ್ಡು ಕೈಗೆ ಬರುವ ದಿನವಾ? ಗಾರೆ ಕೆಲಸದವರಿಗೆ ಶನಿವಾರ, ಮನೆಗೆಲಸದವರಿಗೆ ತಿಂಗಳ ಮೊದಲ ವಾರ, ತಳ್ಳುಗಾಡಿಯವರಿಗೆ ದಿನವೂ.
3. ಬಾಡಿಗೆಗೆ ಎತ್ತಿಡುವುದು, ಸಾಲ ತೀರಿಸುವುದು.
4. ಮನೆಯಲ್ಲಿ ಏನೇನು ಉಳಿದಿದೆ ಅಂತ ನೋಡುವುದು.
5. ಎಲ್ಲಿಗೆ ಹೋಗಬೇಕು, ಎಷ್ಟು ಕೊಳ್ಳಬೇಕು ಅಂತ ನಿರ್ಧರಿಸುವುದು.
6. ಅಡುಗೆ, ಊಟ, ದಾಸ್ತಾನಿನಿಂದ ಕಳೆಯುವುದು.
7. ಎರಡೂ ಅಳತೆ ಬರೆದುಕೊಳ್ಳುವುದು.

ಮೂರನೆಯದು ಐದಕ್ಕಿಂತ ಮೊದಲು ಬರಬೇಕು. ಬಾಡಿಗೆ ಕೊನೆಗೆ ಕೊಡುವ ಏಜೆಂಟ್ ಮೊದಲು ಹೊಟ್ಟೆ ತುಂಬಾ ಉಂಡು ಆಮೇಲೆ ಮನೆ ಮಾಲೀಕನಿಗೆ ಕೈ ಎತ್ತುತ್ತದೆ. ನಿಜದಲ್ಲಿ ಬಹಳ ಮನೆಗಳಲ್ಲಿ ಉಲ್ಟಾ: ಬಾಡಿಗೆ ತಪ್ಪಿಸುವುದಿಲ್ಲ, ಸಾರಿಗೆ ಬೇಳೆ ತಪ್ಪುತ್ತದೆ.

ಐದನೆಯದರಲ್ಲಿ ಸಾಲದ ನಿಯಮ ಮರೆಯಬೇಡಿ. "ಬರ್ಕೊಳ್ಳಿ ಅಣ್ಣ, ಶನಿವಾರ ಕೊಡ್ತೀನಿ" ಅನ್ನುವ ಮಾತು ನಡೆಯುವ ಅಂಗಡಿಯಲ್ಲಿ ಎಣ್ಣೆ ಎರಡು ರೂಪಾಯಿ ಜಾಸ್ತಿ ಇದ್ದರೂ ಜನ ಅಲ್ಲಿಗೇ ಹೋಗುತ್ತಾರೆ. ಅಗ್ಗದ ಅಂಗಡಿಯನ್ನೇ ಆರಿಸುವ ಏಜೆಂಟ್ ನಮ್ಮ ಊರಿನದಲ್ಲ. ಹಾಗೇ ಕೈಯಲ್ಲಿ 40 ರೂಪಾಯಿ ಇದ್ದವರು ಲೀಟರ್ ಎಣ್ಣೆ ಕೊಳ್ಳಲಾರರು, ಸಣ್ಣ ಪ್ಯಾಕೆಟ್ ಕೊಳ್ಳುತ್ತಾರೆ, ಅದಕ್ಕೆ ಗ್ರಾಂ ಲೆಕ್ಕದಲ್ಲಿ ಜಾಸ್ತಿ ಕೊಡುತ್ತಾರೆ. ಒಂದೊಂದು ಪದಾರ್ಥಕ್ಕೂ ಎರಡು ಬೆಲೆ ಇಡಿ: ಬಿಡಿ ಬೆಲೆ, ದೊಡ್ಡ ಪ್ಯಾಕೆಟ್ ಬೆಲೆ.

ರೇಷನ್‌ಗೆ ಬೇರೆಯೇ ನಿಯಮ. ಅಂಗಡಿ ತೆರೆದಿರಬೇಕು, ಹೆಬ್ಬೆಟ್ಟು ತಾಳೆಯಾಗಬೇಕು, ಸರ್ವರ್ ಓಡುತ್ತಿರಬೇಕು. ಸಿಮೆಂಟ್ ಹೊತ್ತು, ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳನ್ನು ಮೆಷಿನ್ ಒಪ್ಪದೇ ಇರುವುದುಂಟು. ವಾಪಸ್ ಬಂದರೆ ಇನ್ನೊಂದು ದಿನ ಹೋಗಬೇಕು, ಅಂದರೆ ಇನ್ನೊಂದು ಅರ್ಧ ದಿನದ ಕೂಲಿ. ಆ ಅರ್ಧ ಕೂಲಿಯನ್ನು ಮಾದರಿಯಲ್ಲಿ ಕಳೆಯಿರಿ.

ಎಚ್ಚರಿಕೆಯ ಗುರುತು: ಮೆಸಾದಲ್ಲಿ ಏಜೆಂಟ್‌ಗಳನ್ನು ಪಟ್ಟಿಯ ಕ್ರಮದಲ್ಲೇ ಓಡಿಸಿದರೆ ಪ್ರತಿ ದಿನವೂ ಪಟ್ಟಿಯ ಮೊದಲ ಮನೆಗಳೇ ಅಂಗಡಿ ಖಾಲಿ ಮಾಡುತ್ತವೆ. ಕಡಿಮೆ ನಂಬರಿನ ಮನೆಗಳು ದುಂಡಗಾಗಿ, ಹೆಚ್ಚು ನಂಬರಿನವು ಸೊರಗಿದ್ದರೆ ಅದು ಅಸಮಾನತೆಯಲ್ಲ, ನಿಮ್ಮ ಲೂಪಿನ, ಅಂದರೆ ಮನೆಗಳನ್ನು ಒಂದೊಂದಾಗಿ ಓಡಿಸುವ ಕೋಡಿನ ಕೆಲಸ. ದಿನವೂ ಕ್ರಮ ಕಲಸಿ. ನೆಟ್‌ಲೋಗೋದಲ್ಲಿ ಇದು ತಾನಾಗಿ ಆಗುತ್ತದೆ.

## ಹಂತ 6: ಒಂದೇ ಒಂದು ಮನೆಯನ್ನು ಪೆನ್ನು ಹಿಡಿದು ಓಡಿಸಿ

ಹತ್ತು ಸಾವಿರ ಮನೆ ಓಡಿಸುವ ಮೊದಲು ಒಂದು ಮನೆಯನ್ನು ಕಾಗದದ ಮೇಲೆ ಓಡಿಸಿ. ಈ ಹಂತ ಬಿಡುವವರೇ ಜಾಸ್ತಿ. ಕೆಳಗಿನ ಅಂಕಿಗಳು ಬರೀ ಉದಾಹರಣೆಗೆ.

ನಾಲ್ಕು ಜನರ ಮನೆ. ಗಂಡ ಗಾರೆ ಕೆಲಸ, ದಿನಕ್ಕೆ 700, ಶನಿವಾರ ಸಂಜೆ ಬಟವಾಡೆ. ವಾರಕ್ಕೆ ಬಾಡಿಗೆಗೆ 1,200 ಎತ್ತಿಡುತ್ತಾರೆ. ಊಟಕ್ಕೆ ದಿನಕ್ಕೆ 200. ಅಂಗಡಿಯಲ್ಲಿ ಹಳೇ ಸಾಲ 700. ಅಂಗಡಿಯವ ಬರೆದುಕೊಳ್ಳುವುದು ಹೆಚ್ಚೆಂದರೆ 500ರವರೆಗೆ. ಹಳೇ ಸಾಲ ಅದನ್ನೂ ಮೀರಿದ್ದರಿಂದ ಮೊದಲು ಅದನ್ನು ಚುಕ್ತಾ ಮಾಡಬೇಕು.

ಮೊದಲ ಶನಿವಾರ ಐದು ದಿನದ ಕೂಲಿ, 3,500 ಬಂತು. ಬಾಡಿಗೆ, ಸಾಲ ಕಳೆದು 1,600 ಉಳಿಯಿತು. ವಾರದ ಊಟಕ್ಕೆ 1,400. ಕೈಯಲ್ಲಿ 200 ಮಿಕ್ಕಿತು. ಆದರೆ ಆ ವಾರ ಮಳೆ, ಮೂರೇ ದಿನ ಕೆಲಸ. ಎರಡನೇ ಶನಿವಾರ ಬಂದದ್ದು 2,100. ಬಾಡಿಗೆ ಕಳೆದು 900, ಮಿಕ್ಕಿದ್ದ 200 ಸೇರಿ 1,100. ಮಗುವಿಗೆ ಜ್ವರ, 500 ಹೋಯಿತು. ಉಳಿದದ್ದು 600. ಅದು ಭಾನುವಾರ, ಸೋಮವಾರ, ಮಂಗಳವಾರಕ್ಕೆ ಸರಿಹೋಯಿತು. ಬುಧವಾರದಿಂದ ಸಾಲ. ಶುಕ್ರವಾರ ಮಧ್ಯಾಹ್ನಕ್ಕೆ ಅದೂ 500 ಮುಟ್ಟಿತು. ಶುಕ್ರವಾರ ರಾತ್ರಿಯಿಂದ ಶನಿವಾರ ಸಂಜೆವರೆಗೆ ರೇಷನ್ ಅಕ್ಕಿ ಬೇಯಿಸಿ ಉಪ್ಪು, ಉಪ್ಪಿನಕಾಯಿ.

ಎರಡು ವಿಷಯ ಗಮನಿಸಿ. ಊಟ ಕೆಟ್ಟದ್ದು ಮಳೆ ಬಂದ ವಾರ ಅಲ್ಲ, ಅದರ ಮುಂದಿನ ವಾರ. ಮಳೆ ಬಂದ ದಿನಗಳಲ್ಲಿ ಸಮೀಕ್ಷೆಗೆ ಹೋದವರಿಗೆ ಈ ಮನೆ ಚೆನ್ನಾಗೇ ಕಾಣುತ್ತದೆ.

ಇನ್ನೊಂದು, ತಿಂಗಳ ಲೆಕ್ಕ. ಉಳಿದೆರಡು ವಾರ ಮಾಮೂಲಿ 3,500 ಬಂತು ಅನ್ನಿ. ನಾಲ್ಕು ವಾರದ ಆದಾಯ 12,600. ಬಾಡಿಗೆ 4,800, ಆಸ್ಪತ್ರೆ 500, ಹಳೇ ಸಾಲ 700, ಊಟ 5,600. ಎಲ್ಲ ಕಳೆದರೂ 1,000 ರೂಪಾಯಿ ಉಳಿಯುತ್ತದೆ! ತಿಂಗಳ ಟಿಕ್ ಇಟ್ಟ ಮಾದರಿ ಈ ಮನೆಯನ್ನು "ತೊಂದರೆ ಇಲ್ಲ" ಅನ್ನುವ ಕಡೆ ಹಾಕುತ್ತದೆ. ನನ್ನ ಮೊದಲ ಮಾದರಿ ಬಿದ್ದದ್ದೂ ಇಲ್ಲೇ.

ಈಗ ಕೋಡ್‌ನಲ್ಲಿ ಇದೇ ಮನೆ, ಇದೇ ಮಳೆ ಕೊಟ್ಟು ಓಡಿಸಿ. ಕಾಗದದ ಅಂಕಿಯೇ ಬರಬೇಕು, ಒಂದು ರೂಪಾಯಿ ಆಚೀಚೆ ಆಗಬಾರದು. ಬರದಿದ್ದರೆ ಎರಡನೇ ಮನೆ ಸೇರಿಸಬೇಡಿ.

## ಹಂತ 7: ಗೊತ್ತಿಲ್ಲದ ಅಂಕಿಗಳನ್ನು ಕೂರಿಸುವುದು, ಆಮೇಲೆ ತಾಳೆ ನೋಡುವುದು

ಸಾಲದ ಮಿತಿ, ಹೆಬ್ಬೆಟ್ಟು ತಪ್ಪುವ ಸಂಭವ, ನಡೆಯಲು ಒಪ್ಪುವ ದೂರ, ಇವು ಯಾವ ಕೋಷ್ಟಕದಲ್ಲೂ ಸಿಗುವುದಿಲ್ಲ. ಮಾದರಿಯ ಫಲಿತಾಂಶ ನಿಜದ ಅಂಕಿಗೆ ಹತ್ತಿರ ಬರುವವರೆಗೆ ಇವನ್ನು ತಿರುಗಿಸಬೇಕು. ಉದಾಹರಣೆಗೆ 2022-23ರ ಸಮೀಕ್ಷೆಯಲ್ಲಿ ದೇಶದ ನಗರ ಮನೆಗಳ ಖರ್ಚಿನಲ್ಲಿ ಊಟದ ಪಾಲು ಸುಮಾರು 39%. ನಿಮ್ಮ ಬಡ ಮನೆಗಳಲ್ಲಿ ಆ ಪಾಲು ಸರಾಸರಿಗಿಂತ ಜಾಸ್ತಿ, ಅನುಕೂಲಸ್ಥರಲ್ಲಿ ಕಡಿಮೆ ಬರಬೇಕು. ಉಲ್ಟಾ ಬಂದರೆ ಎಲ್ಲೋ ನಿಯಮ ತಪ್ಪಿದೆ.

ಕೂರಿಸಲು ಬಳಸಿದ ಅಂಕಿಯಿಂದಲೇ ತಾಳೆ ನೋಡಬೇಡಿ. ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆ ಬರೆದಂತೆ ಆಗುತ್ತದೆ. ಊಟದ ಪಾಲಿನಿಂದ ಕೂರಿಸಿದರೆ ಆಹಾರ ವೈವಿಧ್ಯದಿಂದ ತಾಳೆ ನೋಡಿ. ಒಂದೇ ಅಂಕಿ ಹೊಂದಿದರೆ ಸಾಲದು, ಮೂರ್ನಾಲ್ಕು ಚಹರೆ ಒಟ್ಟಿಗೆ ಹೊಂದಬೇಕು: ವಾರದ ಕೊನೆಗೆ ಸಾಲ ಏರುತ್ತದಾ, ರೇಷನ್ ಬಂದ ವಾರ ಅಕ್ಕಿ ಕೊಳ್ಳುವುದು ಇಳಿಯುತ್ತದಾ, ಹೀಗೆ. ಕೊನೆಗೆ ಒಂದು ಗೂಡಂಗಡಿಯವರ ಹತ್ತಿರ ಕೂತು ತೋರಿಸಿ. ನಮ್ಮ ಗ್ರಾಫ್ ನೋಡಿ ಒಬ್ಬ ಅಂಗಡಿಯಮ್ಮ, "ಸೋಮವಾರ ಯಾರ್ರೀ ಇಷ್ಟೊಂದು ಸಾಮಾನು ತಗೊಳ್ತಾರೆ? ಎಲ್ಲ ಭಾನುವಾರವೇ ಆಗೋಗುತ್ತೆ" ಅಂದರು. ಬಟವಾಡೆಯ ದಿನ ಒಂದು ದಿನ ಮುಂದಕ್ಕೆ ಹೋಗಿತ್ತು.

## ಹಂತ 8: ಎಷ್ಟು ಸಲ ಓಡಿಸಬೇಕು

ಒಂದು ಸಲದ ಫಲಿತಾಂಶ ಲಾಟರಿ ಚೀಟಿ. ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಸರದಿ ಎಲ್ಲಿಂದ ಶುರು ಅಂತ ಹೇಳುವ ಅಂಕಿ) ಬದಲಿಸಿ 30 ಸಲ ಓಡಿಸಿ, ಸರಾಸರಿ ಮತ್ತು ಹರವು ನೋಡಿ. ಇನ್ನೂ 30 ಸಲ ಓಡಿಸಿದಾಗ ಅವು ಅಲುಗಾಡಿದರೆ ಮತ್ತೆ ಓಡಿಸಿ. ಮೊದಲ ಒಂದೆರಡು ತಿಂಗಳ ದಿನಗಳನ್ನು ಎಸೆಯಿರಿ. ಎಲ್ಲ ಮನೆಗಳೂ ಸಾಲವಿಲ್ಲದೆ, ಖಾಲಿ ಡಬ್ಬಿಯಿಂದ ಶುರುವಾಗಿರುತ್ತವೆ, ಅದು ನಿಜವಲ್ಲ.

ಆಮೇಲೆ ಊಹಿಸಿದ ಅಂಕಿಗಳನ್ನು ಅಲುಗಾಡಿಸಿ. ಒಂದೊಂದನ್ನೇ ಬದಲಿಸುವುದು ಶುರುವಿಗೆ ಸರಿ, ಆದರೆ ಸಾಲದ ಮಿತಿಯೂ ಮಳೆಯ ದಿನವೂ ಒಟ್ಟಿಗೆ ಕೆಟ್ಟಾಗ ಆಗುವುದು ಬೇರೆಯೇ. ಎರಡೆರಡನ್ನು ಜೋಡಿಸಿ ಬದಲಿಸಿ.

## ಹಂತ 9: ಪ್ರಯೋಗ, ಅಕ್ಕಿಯೋ ದುಡ್ಡೋ

ನಮ್ಮ ನಾಲ್ಕು ಜನರ ಮನೆಗೆ ಹೆಚ್ಚುವರಿ ಪಾಲು 20 ಕೆ.ಜಿ. ಅಕ್ಕಿ, ಅಥವಾ 680 ರೂಪಾಯಿ. ಎರಡನ್ನೂ ಒಂದೇ ಮಳೆ, ಒಂದೇ ಜ್ವರದ ಮೇಲೆ ಓಡಿಸಬೇಕು. ಒಂದೇ ಸೀಡ್ ಕೊಟ್ಟರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ದುಡ್ಡು ಸಿಕ್ಕ ಮನೆ ಒಂದು ಸಲ ಹೆಚ್ಚಿಗೆ ಅಂಗಡಿಗೆ ಹೋದರೆ ರ‍್ಯಾಂಡಮ್ ಸಂಖ್ಯೆಗಳ ಸರದಿಯೇ ತಪ್ಪಿ, ಮುಂದಿನ ಮಳೆ ಬೇರೆ ದಿನಕ್ಕೆ ಬೀಳುತ್ತದೆ. ಮಳೆ, ಕಾಯಿಲೆ, ಕೆಲಸದ ದಿನಗಳನ್ನು ಮೊದಲೇ ಲೆಕ್ಕ ಹಾಕಿ ಸಾದಾ ಕೋಷ್ಟಕದ ಸಿಎಸ್‌ವಿ ಫೈಲಿನಲ್ಲಿ ಇಡಿ. ಎರಡೂ ಪ್ರಯೋಗ ಅದನ್ನೇ ಓದಲಿ.

ದುಡ್ಡಿನ ಪ್ರಯೋಗದಲ್ಲಿ ಅದು ಬರುವ ದಿನವನ್ನೇ ಬದಲಿಸಿ ನೋಡಿ. ಎರಡನೇ ವಾರದ ಗುರುವಾರ 680 ಬಂದರೆ ನಮ್ಮ ಮನೆಯ 300 ರೂಪಾಯಿ ಹಳ್ಳ (ಶುಕ್ರವಾರ ರಾತ್ರಿಯ 100, ಶನಿವಾರದ 200) ತುಂಬುತ್ತದೆ. ನಾಲ್ಕನೇ ವಾರ ಬಂದರೆ ಆ ಶುಕ್ರವಾರಕ್ಕೆ ಏನೂ ಉಪಯೋಗವಿಲ್ಲ. ಅಕ್ಕಿಯಾದರೆ ಕ್ಯಾಲೊರಿ ಕಾಪಾಡುತ್ತದೆ, ವೈವಿಧ್ಯದ ಅಂಕ ಏರುವುದು ಅಕ್ಕಿಗೆ ಹೋಗುತ್ತಿದ್ದ ದುಡ್ಡು ಬೇಳೆಗೆ ತಿರುಗಿದಾಗ ಮಾತ್ರ. ಈ ಮನೆ ಈಗಾಗಲೇ ಅಕ್ಕಿ ಕೊಳ್ಳದೆ ಇದ್ದರೆ ತಿರುಗಲು ದುಡ್ಡೇ ಇಲ್ಲ. ಇನ್ನು ದುಡ್ಡು ಯಾರ ಖಾತೆಗೆ ಬರುತ್ತದೆ, ಅವರು ಅಡುಗೆಗೇ ಕೊಡುತ್ತಾರಾ ಅನ್ನುವುದಕ್ಕೂ ಒಂದು ಅಂಕಿ ಇಡಬೇಕು. ಅದನ್ನು ಒಂದು, ಅಂದರೆ ಪೂರ್ತಿ ದುಡ್ಡೂ ಅಡುಗೆಗೇ, ಅಂತ ಇಟ್ಟು ಕೈತೊಳೆದುಕೊಳ್ಳಬೇಡಿ.

ಉತ್ತರ ಹೇಳುವಾಗ ಬರೀ ಸರಾಸರಿ ಹೇಳಬೇಡಿ. ಕಾರ್ಡ್ ಇರುವ ಮನೆ, ಇಲ್ಲದ ಮನೆ, ಶೆಡ್ಡಿನ ಮನೆ, ಮೂರಕ್ಕೂ ಊಟ ಕೆಟ್ಟ ದಿನಗಳನ್ನು ಬೇರೆ ಬೇರೆ ತೋರಿಸಿ. ಕಾರ್ಡೇ ಇಲ್ಲದ ಮನೆಗೆ ಅಕ್ಕಿಯೂ ಇಲ್ಲ, ದುಡ್ಡೂ ಇಲ್ಲ. ಆ ಸಾಲು ಎರಡೂ ಪ್ರಯೋಗದಲ್ಲಿ ಹೆಚ್ಚು ಕಡಿಮೆ ಹಾಗೇ ಇರಬೇಕು. ದೊಡ್ಡದಾಗಿ ಬದಲಾಗಿದ್ದರೆ ಕೋಡ್‌ನಲ್ಲಿ ಏನೋ ಸೋರುತ್ತಿದೆ, ಹಂತ 6ಕ್ಕೆ ವಾಪಸ್ ಹೋಗಿ.